ಬೇಸಿಗೆಯ ದೂರಪ್ರಯಾಣಕ್ಕೆ ಮಕ್ಕಳ ಬುತ್ತಿ: ಬೆಂಗಳೂರಿನಿಂದ ಗೋಕರ್ಣದವರೆಗೆ ಕೆಡದಂತೆ ಏನು ಕಟ್ಟಿಕೊಳ್ಳಬಹುದು?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಎರಡನೆಯ ವಾರದಲ್ಲಿ ನಾವು ನಮ್ಮ ಕಾರಿನಲ್ಲಿ ಗೋಕರ್ಣಕ್ಕೆ ಹೊರಡುವವರಿದ್ದೇವೆ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಮೇಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ಅಂಕೋಲೆಯ ಕಡೆಯಿಂದ ಗೋಕರ್ಣ ಸೇರುವುದೆಂದು ನಿಶ್ಚಯಿಸಿದ್ದೇವೆ. ದಾರಿ 500 ಕಿಲೋಮೀಟರಿಗೂ ಹೆಚ್ಚು. ಬೆಳಗಿನ ಐದು ಗಂಟೆಗೆ ಹೊರಟರೂ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ಮಗಳಿಗೆ 9 ವರ್ಷ, ಮಗನಿಗೆ 4. ಜೊತೆಗೆ ಅತ್ತೆಯವರೂ ಬರುತ್ತಾರೆ.

ಹೋದ ವರ್ಷ ಇದೇ ಕಾಲದಲ್ಲಿ ಇದೇ ದಾರಿಯಲ್ಲಿ ಹೊರಟಿದ್ದೆವು. ಬೆಳಗಿನ ಜಾವ ಮೂರೂವರೆಗೆ ಎದ್ದು ತರಕಾರಿ ಪಲಾವು ಮಾಡಿ, ಆವಿ ಏಳುತ್ತಿದ್ದಾಗಲೇ ಹಾಟ್ ಬಾಕ್ಸಿಗೆ ತುಂಬಿ ಮುಚ್ಚಳ ಬಿಗಿದೆ. ಪಕ್ಕದ ಡಬ್ಬಿಯಲ್ಲಿ ಕಾಯಿಚಟ್ನಿ ಇತ್ತು. ದಾವಣಗೆರೆ ದಾಟಿದ ಮೇಲೆ ಒಂದು ಹೊಂಗೆಮರದ ನೆರಳಿನಲ್ಲಿ ಚಾಪೆ ಹಾಸಿ ಮುಚ್ಚಳ ತೆಗೆದರೆ, ಚಟ್ನಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು, ಪಲಾವು ಅಂಟಂಟಾಗಿ ಹಳಸಿದ ವಾಸನೆ ಬರುತ್ತಿತ್ತು. ಮಗಳು ತಟ್ಟೆ ಹಿಡಿದು ಕಾಯುತ್ತಿದ್ದಳು. ಅಷ್ಟನ್ನೂ ಚೆಲ್ಲಿ, ಬಿಸ್ಕತ್ತು ಮತ್ತು ಬಾಳೆಹಣ್ಣಿನಲ್ಲಿ ಮಧ್ಯಾಹ್ನವನ್ನು ಕಳೆದೆವು. ಆ ಬಿಸ್ಕತ್ತಿನ ಹೊಟ್ಟೆಯಲ್ಲೇ ಘಟ್ಟ ಇಳಿಯುವಾಗ ಮಗ ಎರಡು ಸಲ ವಾಂತಿ ಮಾಡಿಕೊಂಡ.

ಮಗನಿಗೆ ಹೊರಗಿನ ಖಾರದ ಊಟ ಒಗ್ಗುವುದಿಲ್ಲವಾದ್ದರಿಂದ ಈ ಬಾರಿಯೂ ಮನೆಯ ಬುತ್ತಿಯನ್ನೇ ಕೊಂಡೊಯ್ಯಬೇಕೆಂದಿದ್ದೇನೆ. ನನಗೆ ತಿಳಿಯಬೇಕಾದುದು ಮೂರು ಸಂಗತಿ. ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ನಿಜವಾಗಿ ಕೆಡದೆ ಉಳಿಯುವ, ಮಕ್ಕಳು ಮನಸ್ಸಿಟ್ಟು ತಿನ್ನುವ ಅಡುಗೆ ಯಾವುದು? ಘಟ್ಟಕ್ಕೆ ಮೊದಲು ಏನು ಕೊಡಬೇಕು, ಏನು ಕೊಡಬಾರದು? ಮೂರನೆಯ ದಿನ ಹಿಂತಿರುಗುವಾಗ ವಸತಿಗೃಹದಲ್ಲಿ ಅಡುಗೆಮನೆ ಇರುವುದಿಲ್ಲ. ಆ ದಿನದ ಬುತ್ತಿಗೆ ಏನು ಮಾಡುವುದು?

ಉತ್ತರ 1: ಹಿರಿಯ ಗೃಹಿಣಿ, ಧಾರವಾಡ

ತಂಗಿ, ನಮ್ಮ ಕಡೆ ನಮಗಿಂತ ಚಿಕ್ಕವರನ್ನು ಹೀಗೆಯೇ ಕರೆಯುವುದರಿಂದ ಬೇಸರ ಮಾಡಿಕೊಳ್ಳಬೇಡಿ. ಮಗು ತಟ್ಟೆ ಹಿಡಿದು ಕಾಯುತ್ತಿತ್ತೆಂದು ನೀವು ಬರೆದದ್ದನ್ನು ಓದಿ ನನಗೂ ಸಂಕಟವಾಯಿತು. ನಿಮ್ಮ ಅಡುಗೆಯಲ್ಲಿ ದೋಷವಿರಲಿಲ್ಲ. ಮನೆಯಲ್ಲಿ ಕೂತು ತಿನ್ನುವ ಅಡುಗೆಯನ್ನೇ ಡಬ್ಬಿಗೆ ತುಂಬಿದ್ದೀರಿ, ಅಷ್ಟೇ. ಬುತ್ತಿಯ ಅಡುಗೆ ಬೇರೆ, ಮನೆಯ ಊಟದ ಅಡುಗೆ ಬೇರೆ ಎಂಬುದನ್ನು ನಮ್ಮ ಅತ್ತೆಯವರು ನನಗೆ ಮದುವೆಯಾದ ವರ್ಷವೇ ಹೇಳಿಕೊಟ್ಟರು. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಅಡುಗೆಯ ಎಡೆ ಚೆಲ್ಲಲು ಹೋಗುವಾಗ ಮನೆಮಂದಿಗೆಲ್ಲ ಬುತ್ತಿ ಕಟ್ಟುವ ರೂಢಿ ಈ ಭಾಗದಲ್ಲಿ ಇಂದಿಗೂ ಇದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ ‘ಏನು ಮಾಡೋಣ’ ಎಂಬುದಲ್ಲ, ‘ಯಾವ ಹೊತ್ತಿಗೆ ಬಿಚ್ಚುತ್ತೇವೆ’ ಎಂಬುದು. ನೀವೂ ಹಾಗೆಯೇ ಹೊತ್ತಿನ ಲೆಕ್ಕದಲ್ಲಿ ಕಟ್ಟಿರಿ. ಬೇಗ ಕೆಡುವುದು ಮೊದಲ ನಿಲುಗಡೆಗೆ, ದಿನವಿಡೀ ಉಳಿಯುವುದು ಮಧ್ಯಾಹ್ನಕ್ಕೆ, ವಾರಗಟ್ಟಲೆ ಉಳಿಯುವುದು ಹಿಂದಿರುಗುವ ದಿನಕ್ಕೆ.

ಐದಕ್ಕೆ ಹೊರಟರೆ ಎಂಟೂವರೆಯ ಹೊತ್ತಿಗೆ ಚಿತ್ರದುರ್ಗದ ಆಸುಪಾಸಿನಲ್ಲಿರುತ್ತೀರಿ. ಅಲ್ಲಿಗೆ ಇಡ್ಲಿ ಸಾಕು, ಆದರೆ ಚಟ್ನಿ ಬೇಡ. ಇಡ್ಲಿ ಪೂರ್ಣ ಆರಿದ ಮೇಲೆ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಎರಡೂ ಬದಿಗೆ ಸವರಿ ಜೋಡಿಸಿರಿ. ಚಿಕ್ಕವನ ಪಾಲಿನ ಇಡ್ಲಿಗೆ ಪುಡಿ ಬೇಡ, ತುಪ್ಪ ಮತ್ತು ಸಕ್ಕರೆ ಸಾಕು.

ಮಧ್ಯಾಹ್ನಕ್ಕೆ ಚಪಾತಿ ಮತ್ತು ಜುಣಕದ ವಡಿ ಕಟ್ಟಿರಿ ಎಂಬುದು ನನ್ನ ಸಲಹೆ. ಕಡಲೆಹಿಟ್ಟನ್ನು ಒಗ್ಗರಣೆಯ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಎಣ್ಣೆ ಸವರಿದ ತಟ್ಟೆಗೆ ತಟ್ಟಿ, ಆರಿದ ಮೇಲೆ ಶಂಕರಪೋಳಿಯ ಹಾಗೆ ಕತ್ತರಿಸಿದರೆ ಆಯಿತು. ಉಳ್ಳಾಗಡ್ಡಿ, ಹಸಿ ಕೊಬ್ಬರಿ ಎರಡನ್ನೂ ಹಾಕಬಾರದು. ಮಕ್ಕಳು ಅದನ್ನು ಕೈಯಲ್ಲಿ ಹಿಡಿದೇ ತಿನ್ನಬಹುದು, ಬಟ್ಟೆಯ ಮೇಲೆ ಚೆಲ್ಲುವುದಿಲ್ಲ. ಚಪಾತಿಯನ್ನು ಹಂಚಿನಿಂದ ತೆಗೆದ ಕೂಡಲೇ ಒಂದರ ಮೇಲೊಂದು ಒಟ್ಟಬೇಡಿರಿ. ಅರಿವೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಆವಿ ಹೋದ ಮೇಲೆ ಅದೇ ಅರಿವೆಯಲ್ಲಿ ಸುತ್ತಿರಿ. ಡಬ್ಬಿಯೊಳಗೆ ಬೆವರಿದ ಚಪಾತಿ ಮಧ್ಯಾಹ್ನಕ್ಕೆ ನಾರುತ್ತದೆ.

ಹಿಂದಿರುಗುವ ದಿನಕ್ಕೆ ಖಡಕ್ ರೊಟ್ಟಿಗಿಂತ ನಂಬಿಕೆಯ ಪದಾರ್ಥವನ್ನು ನಾನು ಕಂಡಿಲ್ಲ. ಎಸರಿನಲ್ಲಿ ನಾದಿದ ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಎರಡೂ ಬದಿ ಬೆಂದ ನಂತರ ಉರಿ ತಗ್ಗಿಸಿ, ಮಡಿಸಿದ ಅರಿವೆಯಿಂದ ಅಂಚಿನಿಂದ ನಡುವಿನವರೆಗೆ ಒತ್ತುತ್ತ ತಿರುಗಿಸುತ್ತಿದ್ದರೆ, ಒಳಗಿನ ನೀರೆಲ್ಲ ಆರಿ ರೊಟ್ಟಿ ಬೆರಳಿನಿಂದ ಬಡಿದರೆ ಹಪ್ಪಳದಂತೆ ಸದ್ದು ಕೊಡುತ್ತದೆ. ಆ ಸದ್ದು ಬಂದ ಮೇಲೆ ಅದು ವಾರಗಟ್ಟಲೆ ಉಳಿಯುತ್ತದೆ. ನೀರೇ ಇಲ್ಲದಲ್ಲಿ ಕೆಡುವುದಕ್ಕೆ ಏನಿದೆ? ಬೆಂಗಳೂರಿನಲ್ಲಿಯೂ ಉತ್ತರ ಕರ್ನಾಟಕದ ರೊಟ್ಟಿ ಮಾರುವ ಅಂಗಡಿಗಳು ಬೇಕಾದಷ್ಟಿವೆ, ಮಾಡಲು ಬಾರದಿದ್ದರೆ ಕೊಂಡುಕೊಳ್ಳಿರಿ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ ಇಟ್ಟುಕೊಂಡು, ಊರಿನಲ್ಲಿ ಒಂದು ಕುಡಿಕೆ ಮೊಸರು ಕೊಂಡರೆ ದೊಡ್ಡವರ ಊಟವಾಯಿತು. ನಾಲ್ಕು ವರ್ಷದವನಿಗೆ ರೊಟ್ಟಿಯನ್ನು ಮುರಿದು ಮೊಸರಿನಲ್ಲಿಯೋ ಹಾಲಿನಲ್ಲಿಯೋ ಹತ್ತು ನಿಮಿಷ ನೆನೆಸಿ ಕೊಡಿರಿ. ನನ್ನ ಮೊಮ್ಮಗ ಬೆಲ್ಲ ಹಾಕಿದ ಹಾಲಿನಲ್ಲಿ ನೆನೆದ ರೊಟ್ಟಿಯನ್ನು ಕೇಳಿ ಕೇಳಿ ತಿನ್ನುತ್ತಾನೆ.

ಇನ್ನೊಂದು ಮಾತು. ಮಕ್ಕಳಿಗೆ ರೂಢಿಯಿಲ್ಲದ ಪದಾರ್ಥವನ್ನು ಪ್ರಯಾಣದ ದಿನವೇ ಮೊದಲ ಸಲ ಕೊಡಬೇಡಿರಿ. ಈಗಿನಿಂದಲೇ ಒಂದೆರಡು ಸಲ ಮನೆಯಲ್ಲಿ ಮಾಡಿ, ತಿನ್ನುತ್ತಾರೆಯೇ ಎಂದು ನೋಡಿರಿ.

ಉತ್ತರ 2: ಆಹಾರ ವಿಜ್ಞಾನದ ನಿವೃತ್ತ ಅಧ್ಯಾಪಕ, ಮೈಸೂರು

ಧಾರವಾಡದ ತಾಯಿಯವರು ಹೇಳಿದ ‘ನೀರೇ ಇಲ್ಲದಲ್ಲಿ ಕೆಡುವುದಕ್ಕೆ ಏನಿದೆ’ ಎಂಬ ಮಾತನ್ನು ನಾನು ತರಗತಿಯಲ್ಲಿ ಹಲವು ವರ್ಷ ಬೇರೆ ಶಬ್ದಗಳಲ್ಲಿ ಪಾಠ ಮಾಡಿದ್ದೇನೆ. ಅಕ್ಕಿಯ ವಿಷಯದಲ್ಲಿ ಮಾತ್ರ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ನಿಮ್ಮ ಪಲಾವು ಹಳಸಿದ್ದು ಆಕಸ್ಮಿಕವಲ್ಲ.

ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಂದ ಅನ್ನ ನಿಧಾನವಾಗಿ ಆರುವಾಗ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲವಾದ್ದರಿಂದ, ಹಳಸಿದ ಅನ್ನವನ್ನು ಒಗ್ಗರಣೆ ಹಾಕಿ ಉಳಿಸಿಕೊಳ್ಳುವ ಯೋಚನೆಯನ್ನು ಯಾರೂ ಮಾಡಬಾರದು. ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ. ಬೆಂದ ಆಹಾರ ಆ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಸಾಮಾನ್ಯ ನಿಯಮ. ಹಾಟ್ ಬಾಕ್ಸ್ ಅಡುಗೆಯನ್ನು ಬಿಸಿಯಾಗಿ ಇಡುತ್ತದೆಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಅದು ಎರಡು ಮೂರು ಗಂಟೆಯ ನಂತರ ಅಡುಗೆಯನ್ನು ಬೆಚ್ಚಗೆ ಇಡುತ್ತದೆ, ಬೆಚ್ಚಗಿರುವುದೇ ಅಪಾಯ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದರೊಳಗಿದ್ದ ತರಕಾರಿ ಪಲಾವಿಗೆ ಹುಳಿಯೂ ಇಲ್ಲ, ಒಣಗಿದ್ದೂ ಅಲ್ಲ.

ಹಾಗಾದರೆ ನಮ್ಮ ಅಜ್ಜಿಯಂದಿರ ಪುಳಿಯೋಗರೆ ಹೇಗೆ ಉಳಿಯುತ್ತಿತ್ತು? ಹುಣಸೆಯ ಆಮ್ಲ, ಉಪ್ಪು, ಎಣ್ಣೆ ಮೂರೂ ಸೇರಿ ಬ್ಯಾಕ್ಟೀರಿಯಾದ ಬೆಳವಣಿಗೆಗೆ ತಡೆಯೊಡ್ಡುತ್ತವೆ. ಆದ್ದರಿಂದ ಅನ್ನವನ್ನೇ ಕಟ್ಟಬೇಕೆಂದಿದ್ದರೆ ಪುಳಿಯೋಗರೆಯನ್ನೇ ಆರಿಸಿಕೊಳ್ಳಿ. ಗೊಜ್ಜನ್ನು ಹಿಂದಿನ ದಿನವೇ ಎಣ್ಣೆ ಬಿಡುವವರೆಗೆ ಕುದಿಸಿಡಿ. ಅನ್ನವನ್ನು ಮಾತ್ರ ಹೊರಡುವ ದಿನ ಉದುರುದುರಾಗಿ ಮಾಡಿ, ಅಗಲವಾದ ಹರಿವಾಣದಲ್ಲಿ ಒಂದು ಬೆರಳಿನ ದಪ್ಪಕ್ಕೆ ಹರಡಿ, ಎಳ್ಳೆಣ್ಣೆ ಹಾಕಿ, ಫ್ಯಾನಿನ ಕೆಳಗಿಡಿ. ಅರ್ಧ ಗಂಟೆಯಲ್ಲಿ ಅದು ಪೂರ್ಣ ಆರುತ್ತದೆ. ಆಮೇಲೆ ಗೊಜ್ಜನ್ನು ಎಲ್ಲ ಅಗುಳಿಗೂ ತಾಗುವಂತೆ ಕಲಸಿ, ಒದ್ದೆಯಿಲ್ಲದ ಸ್ಟೀಲ್ ಡಬ್ಬಿಗೆ ತುಂಬಿ. ಹಿಂದಿನ ರಾತ್ರಿಯ ಅನ್ನವನ್ನು ಬಳಸಬೇಡಿ. ನಿಂಬೆಹಣ್ಣಿನ ಚಿತ್ರಾನ್ನವೂ ಆಗುತ್ತದೆ, ಆದರೆ ಅದಕ್ಕೆ ಈರುಳ್ಳಿ ಮತ್ತು ಹಸಿ ತೆಂಗಿನತುರಿ ಸೇರಿಸಿದ ಕ್ಷಣವೇ ಅದು ಬುತ್ತಿಯ ಅಡುಗೆಯಾಗಿ ಉಳಿಯುವುದಿಲ್ಲ.

ಚಿಕ್ಕ ಮಗುವಿಗೆ ಮೊಸರನ್ನ ಒಳ್ಳೆಯದು. ಮೆತ್ತಗೆ ಬೆಂದ ಅನ್ನವನ್ನು ಬಿಸಿಯಿರುವಾಗಲೇ ಚೆನ್ನಾಗಿ ಮಸೆದು, ಕಾಯಿಸಿದ ಹಾಲು ಸೇರಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಎರಡು ಚಮಚ ಗಟ್ಟಿ ಮೊಸರನ್ನು ಕಲಸಿಬಿಡಿ. ಡಬ್ಬಿಯೊಳಗೆ ಅದು ದಾರಿಯುದ್ದಕ್ಕೂ ಹೆಪ್ಪಾಗುತ್ತ ಹೋಗಿ, ಹನ್ನೆರಡರ ಹೊತ್ತಿಗೆ ಹುಳಿಯೇರದ ಮೊಸರನ್ನವಾಗಿರುತ್ತದೆ. ಹೆಪ್ಪು ತೀರಾ ಕಡಿಮೆ ಹಾಕಿದರೆ ಅದು ಹೆಪ್ಪಾಗುವ ಮೊದಲೇ ಬೇರೆ ಜೀವಿಗಳು ಬೆಳೆಯಬಹುದು, ಆದ್ದರಿಂದ ಮೊಸರಿನಲ್ಲಿ ಜಿಪುಣತನ ಬೇಡ. ಸೌತೆಕಾಯಿ, ದಾಳಿಂಬೆಗಳನ್ನು ತಿನ್ನುವ ಹೊತ್ತಿಗೆ ಬೆರೆಸಿ. ಮಧ್ಯಾಹ್ನ ಉಳಿದುದನ್ನು ಸಂಜೆಗೆಂದು ಎತ್ತಿಡಬೇಡಿ.

ಡಬ್ಬಿಗಳನ್ನು ಕಾರಿನ ಡಿಕ್ಕಿಯಲ್ಲಿ ಇಡದೆ, ಏಸಿ ಗಾಳಿ ತಾಗುವಂತೆ ಸೀಟಿನ ಕೆಳಗೆ ಇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯೊಳಗೆ ಶಾಖ 50 ಡಿಗ್ರಿ ದಾಟಬಹುದು. ಕೋಟೆ ನೋಡಲೆಂದು ಚಿತ್ರದುರ್ಗದಲ್ಲಿ ಎರಡು ಗಂಟೆ ನಿಲ್ಲಿಸುವುದಾದರೆ ನಾನು ಮೇಲೆ ಬರೆದ ಲೆಕ್ಕವೆಲ್ಲ ತಪ್ಪುತ್ತದೆ. ಹಣ್ಣು, ಮಜ್ಜಿಗೆಗಳಿಗೆ ಒಂದು ಸಣ್ಣ ಚೀಲ ಬೇರೆ ಮಾಡಿ, ಹಿಂದಿನ ರಾತ್ರಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ಎರಡು ನೀರಿನ ಬಾಟಲಿಗಳನ್ನು ಅದರಲ್ಲಿಡಿ. ಮಧ್ಯಾಹ್ನದ ಹೊತ್ತಿಗೆ ಅವೇ ಕರಗಿ ಕುಡಿಯುವ ತಣ್ಣೀರಾಗುತ್ತವೆ.

ಉತ್ತರ 3: ಕೃಷಿಕ, ಯಲ್ಲಾಪುರ ತಾಲ್ಲೂಕು

ಅರಬೈಲು ಘಟ್ಟದ ತಿರುವುಗಳಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ಅಂಕೋಲೆಗೆ ಎಷ್ಟೋ ಬಾರಿ ಓಡಾಡಿದ್ದೇನೆ. ಆದ್ದರಿಂದ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಕಿವಿಯೊಳಗಿನ ಸಮತೋಲನದ ಅಂಗ ದೇಹ ಅತ್ತಿತ್ತ ತೂಗುತ್ತಿದೆ ಎನ್ನುತ್ತಿರುವಾಗ, ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡರ ತಾಳ ತಪ್ಪಿದಾಗ ಹೊಟ್ಟೆ ತೊಳೆಸುತ್ತದೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಹೊಟ್ಟೆ ತುಂಬಿದ್ದರೂ ಕಷ್ಟ, ಪೂರಾ ಖಾಲಿಯಿದ್ದರೂ ಕಷ್ಟ. ನಿಮ್ಮ ಮಗನಿಗೆ ಹೋದ ವರ್ಷ ಆದದ್ದು ಬಹುಶಃ ಎರಡನೆಯದು. ಮಧ್ಯಾಹ್ನದ ಊಟವನ್ನು ಹಾವೇರಿಯ ಸುತ್ತಮುತ್ತ ಹನ್ನೆರಡರ ಹೊತ್ತಿಗೆ ಮುಗಿಸಿ. ಮೂರು ಗಂಟೆಗೆ ಯಲ್ಲಾಪುರದಲ್ಲಿ ಕಾರು ನಿಲ್ಲಿಸಿ, ಹದಿನೈದು ನಿಮಿಷ ಮಕ್ಕಳನ್ನು ನಡೆದಾಡಿಸಿ, ಒಂದು ಹಿಡಿ ಅರಳು ಅಥವಾ ಎರಡು ತುಂಡು ಒಣ ಚಪಾತಿ ಕೊಡಿ. ಹಾಲು, ಚಾಕೊಲೇಟು, ಕರಿದ ತಿಂಡಿ, ಮಾವಿನ ಹಣ್ಣಿನ ರಸ ಇವುಗಳನ್ನು ಘಟ್ಟ ಇಳಿದ ಮೇಲೆಯೇ ಕೊಡಬೇಕು. ಸುವಾಸನೆಯ ವಿಷಯದಲ್ಲಿಯೂ ಎಚ್ಚರವಿರಲಿ. ಕಾರಿನೊಳಗೆ ತೆರೆದಿಟ್ಟ ಪುಳಿಯೋಗರೆ ಡಬ್ಬಿಯ ಇಂಗಿನ ವಾಸನೆಯೇ ಮಗುವಿನ ಹೊಟ್ಟೆ ಕಲಕಲು ಸಾಕು. ಆ ಒಂದು ಗಂಟೆ ಏಸಿ ನಿಲ್ಲಿಸಿ ಕಿಟಕಿ ತೆರೆದು, ಮೊಬೈಲು ಕೊಡದೆ, ದೂರದ ಗುಡ್ಡ ತೋರಿಸುತ್ತ ಬನ್ನಿ. ಮಗಳ ಕೈಗೆ ನಾನು ಒಂದು ನಿಂಬೆಹಣ್ಣು ಕೊಟ್ಟಿರುತ್ತೇನೆ, ಉಗುರಿನಿಂದ ಸಿಪ್ಪೆ ಗೀರಿ ಮೂಸುತ್ತ ಕೂರುತ್ತಾಳೆ. ಅಷ್ಟಾದರೂ ನಿಲ್ಲದಿದ್ದರೆ ಔಷಧವನ್ನು ಮಕ್ಕಳ ವೈದ್ಯರಲ್ಲಿ ಮೊದಲೇ ಕೇಳಿಕೊಂಡು ಬನ್ನಿ, ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬೇಡಿ.

ಘಟ್ಟದ ನಡುವೆ ನಿಲ್ಲಿಸಿ ಬುತ್ತಿ ಬಿಚ್ಚಬೇಡಿ. ಮಂಗಗಳು ಮಕ್ಕಳ ಕೈಯಿಂದಲೇ ಕಸಿಯುತ್ತವೆ, ಒಮ್ಮೆ ರುಚಿ ಕಂಡ ಮಂಗ ರಸ್ತೆಗೇ ಇಳಿದು ವಾಹನದಡಿ ಸಿಕ್ಕುತ್ತದೆ. ಬಾಳೆಲೆಯಲ್ಲಿ ಉಂಡರೂ ಎಲೆಯನ್ನು ಅಲ್ಲಿ ಎಸೆಯದೆ ಜೊತೆಯಲ್ಲಿ ಒಯ್ದರೆ ನಮ್ಮ ಊರಿನವರೆಲ್ಲ ನಿಮಗೆ ಋಣಿಗಳು.

ಹಿಂದಿರುಗುವ ದಿನಕ್ಕೆ ಒಂದು ಸಲಹೆ ಸೇರಿಸುತ್ತೇನೆ. ಶಿರಸಿ, ಯಲ್ಲಾಪುರಗಳ ಕಡೆ ಮನೆಯಲ್ಲಿ ಮಾಡಿ ಮಾರುವ ತೊಡೆದೇವು ಸಿಗುತ್ತದೆ. ಕಬ್ಬಿನ ಹಾಲು ಅಥವಾ ಬೆಲ್ಲ ಹಾಗೂ ಅಕ್ಕಿಹಿಟ್ಟಿನಿಂದ ಮಾಡುವ, ಕಾಗದದಷ್ಟು ತೆಳುವಾದ ಸಿಹಿ ಅದು. ಗಾಳಿಯಾಡದ ಡಬ್ಬಿಯಲ್ಲಿದ್ದರೆ ಬಹುದಿನ ಇರುತ್ತದೆ. ಮಕ್ಕಳಿಗೆ ದಾರಿಯ ತಿಂಡಿಯೆಂದು ಅಂಗಡಿಯ ಚಿಪ್ಸ್ ಕೊಡುವುದಕ್ಕಿಂತ ಅದು ಮೇಲು.

ಉತ್ತರ 4: ಮಕ್ಕಳ ವಿಭಾಗದ ಶುಶ್ರೂಷಕಿ, ದಾವಣಗೆರೆ

ನಾಲ್ಕು ವರ್ಷದ ಮಗುವಿದೆಯೆಂದು ಓದಿದ್ದರಿಂದ ಒಂದೇ ವಿಷಯ ಬರೆಯುತ್ತೇನೆ. ಓಡುವ ಕಾರಿನಲ್ಲಿ ಇಡಿಯ ಶೇಂಗಾ, ಗೋಡಂಬಿ, ಹುರಿಗಡಲೆ, ಇಡಿಯ ದ್ರಾಕ್ಷಿ, ಗಟ್ಟಿ ಪೆಪ್ಪರಮಿಂಟು ಇವನ್ನು ಕೊಡಬೇಡಿ. ಒಂದು ಗುಂಡಿಯಲ್ಲಿ ಕಾರು ಕುಲುಕಿದರೆ ಸಾಕು, ಕಾಳು ಶ್ವಾಸನಾಳಕ್ಕೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮಗು ಸದ್ದಿಲ್ಲದೆ ಉಸಿರುಗಟ್ಟುತ್ತಿರುವುದು ಮುಂದೆ ಕೂತವರಿಗೆ ತಿಳಿಯುವುದೇ ಇಲ್ಲ. ಪುಳಿಯೋಗರೆಯಲ್ಲಿ ಮಗುವಿನ ಪಾಲನ್ನು ಶೇಂಗಾ ಹಾಕುವ ಮೊದಲೇ ತೆಗೆದಿಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಊಟವನ್ನು ಕಾರು ನಿಲ್ಲಿಸಿಯೇ ಮಾಡಿಸಿ.

ಹಿಂದಿರುಗುವ ದಿನದ ಬೆಳಗಿಗೆ ರಾಗಿ ಹುರಿಹಿಟ್ಟು ಬಹಳ ಅನುಕೂಲ. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಾಗಿಲ್ಲ, ಬೆಲ್ಲದ ಪುಡಿ ಮತ್ತು ಬಿಸಿ ಹಾಲು ಕಲಸಿದರೆ ಮುದ್ದೆಯಾಗುತ್ತದೆ. ಗೊಜ್ಜವಲಕ್ಕಿಗೂ ಒಲೆ ಬೇಡ. ತರಿಯಾಗಿ ಪುಡಿ ಮಾಡಿದ ಗಟ್ಟಿ ಅವಲಕ್ಕಿಯನ್ನು ಡಬ್ಬಿಯಲ್ಲಿ ಒಯ್ದು, ಮನೆಯಿಂದ ತಂದ ಪುಳಿಯೋಗರೆ ಗೊಜ್ಜನ್ನು ಕಾದಾರಿದ ನೀರಿನಲ್ಲಿ ಕದಡಿ ನೆನೆಸಿದರೆ ಅರ್ಧ ಗಂಟೆಯಲ್ಲಿ ಸಿದ್ಧ. ಒಂದು ಪೊಟ್ಟಣ ಓಆರ್‌ಎಸ್ ಪುಡಿ ಚೀಲದಲ್ಲಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಕರಗಿಸಬೇಕು.

ಪ್ರಶ್ನೆ ಕೇಳಿದವರ ಮರುಬರಹ (ಪ್ರಯಾಣದ ನಂತರ)

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಕ್ಷೇಮವಾಗಿ ಮನೆ ಸೇರಿದೆವು. ಈ ಬಾರಿ ಒಂದು ತುತ್ತನ್ನೂ ಚೆಲ್ಲಲಿಲ್ಲ.

ಸೀಟಿನ ಕೆಳಗಿನ ಡಬ್ಬಿಗಳಿಗೆ ನಾನು ಕಾಗದದ ಚೀಟಿ ಅಂಟಿಸಿ ‘ಚಿತ್ರದುರ್ಗ’, ‘ಹಾವೇರಿ’, ‘ಯಲ್ಲಾಪುರ’ ಎಂದು ಬರೆದಿದ್ದೆ. ಮಗಳು ಮೈಲಿಗಲ್ಲು ಓದುತ್ತ, ಊರು ಹತ್ತಿರವಾದಂತೆ ಡಬ್ಬಿ ತೆಗೆಯುವ ಕೆಲಸವನ್ನು ತಾನೇ ವಹಿಸಿಕೊಂಡಳು. ಹಾವೇರಿಗೆ ಸ್ವಲ್ಪ ಮೊದಲು ಮೊಸರನ್ನದ ಮುಚ್ಚಳ ತೆಗೆದಾಗ ಅದು ನಿಜವಾಗಿಯೂ ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಹೆಪ್ಪಾಗಿತ್ತು, ಹುಳಿಯ ಸುಳಿವೂ ಇರಲಿಲ್ಲ. ಮಗ ದಾಳಿಂಬೆ ಕಾಳುಗಳನ್ನು ತಾನೇ ಉದುರಿಸಿಕೊಂಡು ಎರಡು ಬಟ್ಟಲು ತಿಂದ. ಅತ್ತೆಯವರಿಗೆ ಜುಣಕದ ವಡಿ ಬಹಳ ಹಿಡಿಸಿತು. ಘಟ್ಟದಲ್ಲಿ ಮಗನಿಗೆ ಒಮ್ಮೆ ಮುಖ ಬಿಳುಚಿತು, ಆದರೆ ಕಾರು ನಿಲ್ಲಿಸಿ ಐದು ನಿಮಿಷ ಗಾಳಿಗೆ ನಿಂತ ಮೇಲೆ ಸರಿಹೋದ. ವಾಂತಿಯಾಗಲಿಲ್ಲ. ನಿಂಬೆಹಣ್ಣನ್ನು ಗೋಕರ್ಣದವರೆಗೂ ಕೈಬಿಡಲಿಲ್ಲ.

ಹುರಿಹಿಟ್ಟನ್ನು ಮಾತ್ರ ಅವನು ಬಾಯಿಗೆ ಹಾಕಲಿಲ್ಲ. ಮನೆಯಲ್ಲಿ ಮೊದಲೇ ತಿನ್ನಿಸಿ ನೋಡಿರಿ ಎಂದು ಧಾರವಾಡದ ಅಮ್ಮನವರು ಹೇಳಿದ್ದರು, ಅದೊಂದನ್ನು ನಾನು ಮಾಡಿರಲಿಲ್ಲ. ಗೊಜ್ಜವಲಕ್ಕಿ ದೊಡ್ಡವರಿಗೂ ಮಗಳಿಗೂ ಸಾಕಾಯಿತು.

ಒಂದು ಸಂದೇಹ ಉಳಿದಿದೆ. ಖಡಕ್ ರೊಟ್ಟಿ ಹುಬ್ಬಳ್ಳಿಯವರೆಗೆ ಗರಿಗರಿಯಾಗಿತ್ತು. ಗೋಕರ್ಣದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಚರ್ಮದಂತೆ ಬಾಗತೊಡಗಿತು. ಅದನ್ನು ತಿಂದೆವು, ಏನೂ ಆಗಲಿಲ್ಲ. ಕರಾವಳಿಗೆ ಹೋಗುವಾಗ ಅದನ್ನು ಹೇಗೆ ಕಟ್ಟಬೇಕಿತ್ತು?

ಉತ್ತರ 1ರವರ ಮರುಬರಹ: ಧಾರವಾಡ

ತಂಗಿ, ಬಹಳ ಸಂತೋಷವಾಯಿತು. ನಮ್ಮ ಕಡೆಯ ಒಣ ಹವೆಗೆ ಅರಿವೆಯ ಗಂಟು ಸಾಕಾಗುತ್ತದೆ, ಕರಾವಳಿಯ ಹವೆಗೆ ಸಾಲದು ಎಂಬುದು ನನಗೆ ಬರೆಯುವಾಗ ಹೊಳೆಯಲಿಲ್ಲ. ಸಮುದ್ರದ ಗಾಳಿಯ ತೇವವನ್ನು ರೊಟ್ಟಿ ಎಳೆದುಕೊಂಡಿದೆ. ಮುಂದಿನ ಸಲ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಂದು ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿರಿ. ಆಗ ಒಂದನ್ನು ತೆರೆದರೂ ಉಳಿದವಕ್ಕೆ ಗಾಳಿ ತಾಗುವುದಿಲ್ಲ. ಈಗ ಉಳಿದಿರುವ ರೊಟ್ಟಿಗಳಿದ್ದರೆ, ಬೂಷ್ಟು ಹಿಡಿದಿಲ್ಲವೆಂದು ಬೆಳಕಿನಲ್ಲಿ ನೋಡಿಕೊಂಡು, ಸಣ್ಣ ಉರಿಯ ಹಂಚಿನ ಮೇಲೆ ಒಂದೊಂದಾಗಿ ಇಟ್ಟು ಒತ್ತಿರಿ. ಮತ್ತೆ ಸದ್ದು ಬರುತ್ತದೆ.